ಧೋತರದ ತುಂಡಿನ ಕಂದು ಕಲೆ

ಭಾನಾಮತಿಯ ಮಾಟದಿಂದ ಬಟ್ಟೆಯ ಮೇಲೆ ಕಲೆ ಮೂಡುತ್ತದೆ ಎಂದರೆ ನಾನು ನಗುತ್ತಿದ್ದೆ. ಬಟ್ಟೆಗೆ ಕಲೆ ಬಿದ್ದರೆ ಸಾಬೂನು ಸಾಲಲಿಲ್ಲ ಎಂದು ತಿಳಿಯುವವಳು ನಾನು. ಓದಿದ್ದು ಎರಡನೇ ಇಯತ್ತೆ. ನೀವು ನಂಬಲೇಬೇಕೆಂದಿಲ್ಲ, ಆದದ್ದನ್ನು ಹೇಳುತ್ತೇನೆ.

ಇಪ್ಪತ್ತು ವರ್ಷದ ಹಿಂದೆ ದಾಂಡೇಲಿಯಲ್ಲಿದ್ದೆವು. ನಮ್ಮ ಮನೆಯವರಿಗೆ ರೊಟ್ಟಿ ಗಂಟಲಿಂದ ಇಳಿಯದಾಯಿತು. ಹುಬ್ಬಳ್ಳಿಯ ಡಾಕ್ಟರು ಬಾಯಿಂದ ನಳಿಗೆ ಇಳಿಸಿ ಅನ್ನನಾಳದ ಒಂದು ಚೂರು ತೆಗೆದರು. ಅದಕ್ಕೆ ಬಣ್ಣ ಹಾಕಿ, ಯಾವುದೋ ಪ್ರೊಟೀನ್ ಇದೆಯೇ ಎಂದು ನೋಡುತ್ತಾರಂತೆ.

ಅದರ ವರದಿ ತರಲು ಮನೆಯವರು ಹೋದರು. ಪಕ್ಕದ ಮನೆಯ ಅಂಗನವಾಡಿ ಶಾಂತಾ ಓದು ಬಲ್ಲವಳು, ಮಗಳಂಥವಳು. ನಾನೇ ಜೊತೆಗೆ ಕಳಿಸಿದೆ.

ಅವತ್ತು ಹೊದೆಯುವ ಕೌದಿಗೆಂದು ಅವರ ಹಳೆಯ ಧೋತರದ ತುಂಡೊಂದನ್ನು ಒಗೆದು ಹುಲ್ಲಿನ ಮೇಲೆ ಹರವಿದ್ದೆ. ಹಾಲಿನಂಥ ಬಿಳುಪು. ಮಧ್ಯಾಹ್ನ ನೋಡಿದರೆ ನಡುವೆ ಕಂದು ಕಲೆ, ಒಂದು ಮಗ್ಗಲು ಕಚ್ಚಿದ ಗೋಡಂಬಿಯ ಹಾಗೆ. ಲಿಂಬೆಹಣ್ಣು ತಿಕ್ಕಿದೆ, ಹೋಗಲಿಲ್ಲ. ಹಾಳಾಗಲಿ ಎಂದು ಹಾಗೆಯೇ ಹೊಲಿದೆ.

ಸಂಜೆ ಇಬ್ಬರೂ ಬಂದರು.

"ಏನಂದ್ರು?" ಎಂದೆ.

"ಪ್ರೊಟೀನ್ ಪಾಸಿಟಿವ್ ಬಂದೈತಿ," ಎಂದರು ಮನೆಯವರು.

"ಪ್ರೊಟೀನ್ ಅಂದ್ರ ಶಕ್ತಿ ಅಲ್ಲೇನ ಶಾಂತಾ? ಬ್ಯಾಳ್ಯಾಗ ಇರ್ತೈತಿ ಅಂತ ನೀನ ಹೇಳ್ತಿದ್ದಿ."

ಅವಳು ಅವರ ಮುಖ ನೋಡಿದಳು. "ಹೌದ್ರಿ ಕಾಕೂ."

"ಇನ್ನರ ನನಗ ಬ್ಯಾಳಿನೀರ ಕುಡಸೂದ ಬಿಡು," ಎಂದು ಅವರು ನಕ್ಕರು.

ಓಣಿಗೆಲ್ಲ ಪೇಢೆ ಹಂಚಿದೆ. ಶಾಂತಾ ಎರಡು ತಿಂದಳು.

ತಿಂಗಳ ಮೇಲೆ ನಾನೂ ಹುಬ್ಬಳ್ಳಿಗೆ ಹೋದೆ. ಡಾಕ್ಟರು ವರದಿ ಬಿಡಿಸಿದರು. ಅದರಲ್ಲೊಂದು ಬಣ್ಣದ ಚಿತ್ರ. ನೀಲಿಯ ನಡುವೆ ಕಂದು ಕಲೆ, ಒಂದು ಮಗ್ಗಲು ಕಚ್ಚಿದ ಗೋಡಂಬಿ.

"ಕೆಟ್ಟ ಪ್ರೊಟೀನ್ ಇದ್ದಲ್ಲಿ ಈ ಬಣ್ಣ ಹಿಡೀತೈತ್ರಿ. ಕ್ಯಾನ್ಸರ್ ಐತಿ ಅಂತ ಅವತ್ತ ಇವರಿಗೂ ಜೋಡಿ ಬಂದ ಹುಡುಗಿಗೂ ಹೇಳೇನಲ್ರಿ," ಎಂದರು.

ಮನೆಯವರು ನೆಲ ನೋಡುತ್ತ ಕುಳಿತಿದ್ದರು.

ಆ ವರ್ಷವೇ ಅವರು ತೀರಿಹೋದರು. ರೋಗ ಬಂದದ್ದಕ್ಕೆ ನನಗೆ ಸಿಟ್ಟಿಲ್ಲ. ಗೊತ್ತಿದ್ದೂ ನನ್ನ ಕೈಯಿಂದಲೇ ಪೇಢೆ ಹಂಚಿಸಿದರಲ್ಲ, ಅದಕ್ಕೆ. ಶಾಂತಾ ಅಳುತ್ತ ಬಂದಳು; ಒಳಗೆ ಕರೆಯಲಿಲ್ಲ.

ಕೌದಿ ಈಗಲೂ ಇದೆ. ನೋಡಿದವರು ಚಹಾದ ಕಲೆ ಎನ್ನುತ್ತಾರೆ. ಅವತ್ತು ಮನೆಯಲ್ಲಿ ಚಹಾಪುಡಿಯೇ ಇರಲಿಲ್ಲ. ಹುಬ್ಬಳ್ಳಿಯಿಂದ ತರಲು ಅವರಿಗೆ ಹೇಳಿದ್ದೆ. ಅದನ್ನೂ ಮರೆತು ಬಂದಿದ್ದರು.