ಒಲೆ ಮೇಲಿನ ಉಪ್ಪುಕಂಡದ ದಾರ

ನಿನ್ನೆ ಸಾಯಂಕಾಲ ಕೆಮಿಸ್ಟ್ರಿ ಓದ್ಕೊಳ್ಳೋಕೆ ಅಂತ ಕೂತಿದ್ದೆ. ಪುಸ್ತಕ ನನ್ ಮುಖ ನೋಡಿ ತಾನಾಗೇ ಮುಚ್ಕೊಂಡುಬುಡ್ತು, ನಾನೇನ್ ಮಾಡ್ಲಿ ಹೇಳಿ? ವಿಧಿಯಿಲ್ದೆ ಫೋನ್ ಎತ್ಕೊಂಡೆ. ರೀಲ್ಸ್ ತಳ್ತಾ ತಳ್ತಾ ಒಬ್ಬ ಬಿಳಿ ಅಜ್ಜಿ ಸಿಕ್ಕಿದ್ಲು. ಯಾವ ದೇಶದವ್ಳೋ ಗೊತ್ತಿಲ್ಲ. ಉಪ್ಪುನೀರಿನಾಗೆ ದಿನಗಟ್ಲೆ ಊರಿಸಿಟ್ಟ ಮಾಂಸದ ಗಡ್ಡೆ ಒಂದನ್ನ ಎತ್ತಿ ಪಾತ್ರೆಗೆ ಬುಟ್ಟು, ಪಕ್ಕದಾಗೆ ಎಲೆಕೋಸನ್ನ ನಾಲ್ಕೇ ನಾಲ್ಕು ಹೋಳು ಮಾಡಿ ಹಾಕಿದ್ಲು. ನಮ್ ಕಡೆ ಹಸುವಿಗೂ ಇದಕ್ಕಿಂತ ಸಣ್ಣಕೆ ಹೆಚ್ಚಿ ಹಾಕ್ತೀವಿ. ಕೆಳಗೆ ಅಡಿಗೆ ಹೆಸ್ರು: ಕಾರ್ನ್ಡ್ ಬೀಫ್ ಅಂಡ್ ಕ್ಯಾಬೇಜ್, ಅಂದ್ರೆ ಉಪ್ಪು ಹಾಕಿದ ದನದ ಮಾಂಸ, ಜೊತೆಗೆ ಕೋಸು.

ಸರಿಯಾಗಿ ಅದೇ ಹೊತ್ಗೆ ಅಡಿಗೆಮನೇಲಿ ಅಮ್ಮ ಕೋಸಿನ ಪಲ್ಯಕ್ಕೆ ಇಟ್ಟಿದ್ಲು. ಬೆಂದ ಕೋಸಿನ ವಾಸ್ನೆ ಹೆಂಗಿರ್ತದೆ ಅಂತ ನಿಮ್ಗೆ ಗೊತ್ತಲ್ವಾ? ಕರೀದೇ ಇದ್ರೂ ಮನೆ ತುಂಬ ಓಡಾಡೋ ನೆಂಟ್ರ ಥರ. ಫೋನಿನಾಗೆ ಉಪ್ಪುಮಾಂಸ, ಮೂಗಿಗೆ ಕೋಸು. ಎರಡೂ ಒಟ್ಟಿಗೆ ಬಂದಿದ್ದೇ ತಡ, ನಮ್ಮಜ್ಜಿ ಎದುರಿಗೆ ಬಂದು ನಿಂತ್ಬುಟ್ಲು.

ನಮ್ಮಜ್ಜಿದೂ ಇದೇ ಅಡಿಗೆ. ಅವಳ್ದು ಕುರಿ ಬಾಡು, ಅಷ್ಟೇ ವ್ಯತ್ಯಾಸ. ಉಪ್ಪುಕಂಡ ಅಂತೀವಿ. ಯುಗಾದಿ ಮಾರನೇ ದಿನ ವರ್ಷತೊಡಕಿಗೆ ನಮ್ ಬೀದಿಯೋರೆಲ್ಲ ಸೇರಿ ಕುರಿ ಹಾಕಿ, ಬಾಡು ಗುಡ್ಡೆ ಮಾಡಿ ಹಂಚ್ಕೊಳ್ತಾರೆ. ಬೇರೆ ಮನೆಯೋರು ಅವತ್ತೇ ತಿಂದು, ಮಾರನೇ ದಿನ ಹೊಟ್ಟೆ ಹಿಡ್ಕೊಂಡು ಕೂರ್ತಾರೆ. ಅಜ್ಜಿ ಮಾತ್ರ ಅರ್ಧ ಎತ್ತಿಡೋಳು. ಉದ್ದುದ್ದಕೆ ಕುಯ್ದು, ಉಪ್ಪು, ಅರಿಶಿನ, ಬೆಳ್ಳುಳ್ಳಿ ಮೆತ್ತಿ, ಗೋಣಿ ಹೊಲಿಯೋ ದಬ್ಬಳದಾಗೆ ದಾರಕ್ಕೆ ಪೋಣಿಸಿ, ಮಾಳಿಗೆ ಮೇಲೆ ಬಿಸ್ಲಿಗೆ ಕಟ್ಟೋಳು. ದೂರದಿಂದ ನೋಡಿದ್ರೆ ಯಾವ್ದೋ ರಾಕ್ಷಸನ ಮದ್ವೆ ತೋರಣ.

ಕಾಗೆ ಓಡ್ಸೋ ಡ್ಯೂಟಿ ನಂದು. ಕಾಗೆ ಅಂದ್ರೆ ನೀವು ಒಂದೋ ಎರಡೋ ಅನ್ಕೋಬೇಡಿ. ಮಧುಗಿರಿ ಬೆಟ್ಟದ ಕಾಗೆಗಳು ಸಾಲ್ದು ಅಂತ ಕೊರಟಗೆರೆ, ಸಿರಾ ಕಾಗೆಗಳೂ ಬರ್ತಿದ್ವು, ಕೆಲವು ಬಸ್ಸಿನಾಗೆ. ಪಾವಗಡದ ಕಾಗೆ ತೆಲುಗಿನಾಗೆ ಕೂಗ್ತಿತ್ತು. ಸುಳ್ಳು ಅಂತೀರಾ? ನಾನು ಸುಳ್ಳು ಹೇಳಲ್ಲ, ಇರೋದನ್ನ ಸ್ವಲ್ಪ ಎಳೀತೀನಿ, ಅಷ್ಟೇ.

ತೆಲುಗು ಅಂದಾಗ ಹೇಳ್ಬುಡ್ತೀನಿ. ಅಜ್ಜಿ ತವರು ಆ ಪಾವಗಡದ ಕಡೆಯ ವೈ.ಎನ್.ಹೊಸಕೋಟೆ. ಅವಳ್ ಬಾಯಿನಾಗೆ ಕನ್ನಡ ಶುರುವಾಗಿ ತೆಲುಗಿನಾಗೆ ಇಳೀತಿತ್ತು. ಬಾಡಿಗೆ ಕೋಸು ಹಾಕೋದೂ ಅವಳದೇ ಬುದ್ಧಿ. "ಕೋಸು ಉಪ್ಪು ಕುಡ್ಕೊಳ್ತದೆ ಕಣಮ್ಮ, ಸುಮ್ಕೆ ನೋಡ್ತಿರು" ಅನ್ನೋಳು. ಬೀದಿಯೋರು "ಬಾಡಿಗೆ ಕೋಸಾ?" ಅಂತ ನಗೋರು. ನಕ್ಕೋರೇ ಆಮೇಲೆ ಬಟ್ಲು ಹಿಡ್ಕೊಂಡು ಹಿಂದ್ಲ ಬಾಗ್ಲಿಗೆ ಬರೋರು.

ಕೋಸು ಎಷ್ಟು ಕುಡುದ್ರೂ ಅಜ್ಜಿ ಕೈಯಿನ ಉಪ್ಪು ಉಪ್ಪೇ. ಅದಕ್ಕೇ ತಾತ ಮೊದಲ್ನೇ ತುತ್ತಿಗೇ ಅನ್ನೋನು: "ಉಪ್ಪು ಜಾಸ್ತಿ ಆಯ್ತು ಕಣೇ."

ಅಜ್ಜಿ ತಿರುಗಿ ಕೂಡ ನೋಡ್ದೆ ಅನ್ನೋಳು: "ಜಾಸ್ತಿ ಆದ್ರೆ ತಿನೊದ್ದು ಬುಡು."

ತಿನೊದ್ದು ಅಂದ್ರೆ ತೆಲುಗಿನಾಗೆ ತಿನ್ಬೇಡ ಅಂತ. ತಾತ ಬುಡ್ತಾನಾ? ಇನ್ನೊಂದು ಮುದ್ದೆ ಹಾಕಿಸ್ಕೊಳ್ಳೋನು. ಉಪ್ಪುಕಂಡಕ್ಕೆ ಮಾತ್ರ ಅಲ್ಲ, ಸೊಪ್ಪಿನ ಸಾರಿಗೂ ಅದೇ, ಮಜ್ಜಿಗೆಗೂ ಅದೇ. ದಿನಾ ಅವನು ಅದನ್ನೇ ಅನ್ನೋದು, ಇವಳು ಇದನ್ನೇ ಅನ್ನೋದು. ನಾನು ಆ ಮಾತನ್ನ ಅಜ್ಜಿ ಥರಾನೇ ಕತ್ತು ಓರೆ ಮಾಡಿ ಕಾಲೇಜಿನಾಗೆ ಮಾಡಿ ತೋರ್ಸ್ತಿದ್ದೆ. ನಮ್ ಬೆಂಚ್ ಬಿದ್ದು ಬಿದ್ದು ನಗ್ತಿತ್ತು. ಮಿಮಿಕ್ರಿನಾಗೆ ನಂಗೆ ತಾಲ್ಲೂಕಿಗೇ ಫಸ್ಟ್ ಕೊಡ್ಬೋದು. ಯಾರೂ ಕೊಟ್ಟಿಲ್ಲ, ಅದು ಬೇರೆ ಮಾತು.

ಹೋದ್ ವರ್ಷ ವರ್ಷತೊಡಕಿಗೂ ಅಜ್ಜಿ ಉಪ್ಪುಕಂಡ ಮಾಡಿದ್ಲು. ಬಿಸ್ಲಿಗೆ ಒಣಗಿಸಿ, ಹಿತ್ಲ ಒಲೆ ಮೇಲೆ ಹೊಗೆ ತಾಗೋ ಕಡೆ ಮೊಳೆಗೆ ಕಟ್ಟಿದ್ಲು. ಆಷಾಢದಾಗೆ ಒಂದು ಬೆಳಿಗ್ಗೆ "ಎದೆ ಉರೀತೈತೆ, ಸ್ವಲ್ಪ ಮಜ್ಜಿಗೆ ಕೊಡಮ್ಮ" ಅಂದ್ಲು. ಅಮ್ಮ ಮಜ್ಜಿಗೆ ತರೋ ಅಷ್ಟ್ರಾಗೆ ಅಜ್ಜಿ ಇರ್ಲಿಲ್ಲ. ಇದನ್ನ ಮಾತ್ರ ಎಳ್ಯೋಕೆ ನಂಗೆ ಬರಲ್ಲ.

ಅಜ್ಜಿ ಹೋದ್ಮೇಲೆ ನಮ್ಮನೇಲಿ ಮಾತೇ ನಿಂತ್ಹೋಯ್ತು. ಯಾಕಂದ್ರೆ, ಆಮೇಲೆ ಗೊತ್ತಾಯ್ತು, ಮಾತೆಲ್ಲ ಅವಳ್ದೇ ಆಗಿತ್ತು. ನೀನ್ ಹೋಗಿ ಇದ್ ಮಾಡು, ನೀನ್ ಬಂದ್ ಅದ್ ಮಾಡು ಅಂತ ಅವಳು ಹೇಳೋಳು, ನಾವು ಮಾಡೋರು. ಈಗ ಅಪ್ಪ ಎದ್ದು ಸುಮ್ನೆ ಅಂಗ್ಡಿಗೆ ಹೋಗೋನು. ಅಮ್ಮ ಸುಮ್ನೆ ಅಡಿಗೆ ಮಾಡೋಳು. ತಾತ ಸುಮ್ನೆ ಉಣ್ಣೋನು. ಉಪ್ಪು ಜಾಸ್ತಿ ಅಂತ ಒಂದಿನಾನೂ ಅನ್ಲಿಲ್ಲ. ನಾನೂ ಮಿಮಿಕ್ರಿ ಬುಟ್ಟೆ. ನಾನು ಸುಮ್ನಿದ್ದೀನಿ ಅಂತ ಹೆದ್ರಿ ನಮ್ ಫ್ರೆಂಡು ಜ್ವರ ಐತಾ ಅಂತ ಹಣೆ ಮುಟ್ಟಿ ನೋಡಿದ್ಲು.

ಮಹಾಲಯ ಅಮಾವಾಸ್ಯೆ ಬಂತು. ಹಿರೀಕ್ರ ಹಬ್ಬ. ಅಜ್ಜಿಗೆ ಮೊದಲ್ನೇ ಎಡೆ. ನಿಮ್ ಮನೇಲೂ ಇಡ್ತೀರೇನೋ. ಹೋದೋರ ಫೋಟೋ ಮುಂದೆ ಹೊಸ ಸೀರೆ, ಅವರಿಗೆ ಇಷ್ಟವಾದ ಅಡಿಗೆ ಎಲ್ಲ ಎಲೆ ಮೇಲೆ ಬಡಿಸಿ, ಬಾಗ್ಲು ಹಾಕ್ಕೊಂಡು ಎಲ್ರೂ ಆಚೆ ನಿಂತ್ಕೋಬೇಕು. ಅವರು ಬಂದು ಉಂಡು ಹೋಗ್ಲಿ ಅಂತ.

ಹಬ್ಬದ ಹಿಂದಿನ ದಿನ ಅಮ್ಮ ಹಿತ್ಲ ಒಲೆ ಮೇಲೆ ನೋಡಿದ್ಲು. ದಾರದಾಗೆ ಆರೇಳು ತುಂಡು ಉಳಿದಿದ್ವು.

"ಮಾವ, ಅತ್ತೆಗೆ ಉಪ್ಪುಕಂಡ ಇಡೋಣ" ಅಂದ್ಲು.

"ಅದು ಅಲ್ಲೇ ಇರ್ಲಿ" ಅಂದ ತಾತ.

"ಅವ್ರು ಅಷ್ಟು ಇಷ್ಟಪಡೋರು..."

"ಬೇರೆ ಬಾಡು ತಂದು ಮಾಡಮ್ಮ. ಅದನ್ನ ಮುಟ್ಬೇಡ."

ನಂಗೆ ತಾತನ ಲೆಕ್ಕಾಚಾರ ಅರ್ಥ ಆಯ್ತು. ಅದನ್ನ ಬೇಯಿಸಿದ್ರೆ ಅಜ್ಜಿ ಕೈ ಅಡಿಗೆ ಈ ಭೂಮಿ ಮೇಲೆ ಮುಗೀತು. ಬೇಯಿಸ್ದೆ ಇದ್ರೆ ಅಜ್ಜಿ ಎಡೆಗೆ ಬಂದು, ನಂದೆಲ್ಲಿ ಅಂತ ಕೇಳ್ತಾಳೆ. ಸಂಜೆಗೆ ತಾತನೇ ಸ್ಟೂಲ್ ಹತ್ತಿ ದಾರ ಇಳಿಸ್ದ. ಒಂದೊಂದೇ ತುಂಡು ಬಿಡಿಸಿ ಅಮ್ಮನ ಕೈಗೆ ಕೊಟ್ಟ. ಖಾಲಿ ದಾರಾನ ಮಾತ್ರ ಮತ್ತೆ ಅದೇ ಮೊಳೆಗೆ ಸಿಗಾಕ್ಬುಟ್ಟ. "ಏನಕ್ಕಾದ್ರೂ ಆಯ್ತದೆ" ಅಂದ.

ಉಪ್ಪುಕಂಡದ ಗುಟ್ಟೆಲ್ಲ ನೆನೆಹಾಕೋದ್ರಲ್ಲೇ ಇರೋದು. ನೀರಿಗೆ ಹಾಕ್ಬೇಕು, ಉಪ್ಪು ಇಳೀಬೇಕು, ಒಂದ್ಸಲ ನೀರು ಬದ್ಲಾಯಿಸ್ಬೇಕು. ಬದ್ಲಾಯಿಸ್ದೇ ಇದ್ರೆ ಬಾಯಿಗಿಡೋಕಾಗಲ್ಲ. ಜಾಸ್ತಿ ಬದ್ಲಾಯಿಸಿದ್ರೆ ಚಪ್ಲಿ ತಿಂದಂಗೆ. ಮಾಮೂಲಿ ದಿನ ಆದ್ರೆ ಬೆಂದ್ಮೇಲೆ ಒಂದು ತುಂಡು ಬಾಯಿಗೆ ಹಾಕ್ಕೊಂಡು ನೋಡ್ಬೋದು. ಎಡೆ ಅಡಿಗೇನ ಹಂಗೆ ನೋಡಂಗಿಲ್ಲ. ಹಿರೀಕ್ರು ಉಣ್ಣೋಕೆ ಮುಂಚೆ ನಾವು ನಾಲ್ಗೆಗೆ ತಾಗಿಸಿದ್ರೆ ಅದು ಎಂಜ್ಲು. ಅಮ್ಮ ಬೆಳಿಗ್ಗೆಯಿಂದ ತುಟಿ ಬಿಗಿ ಹಿಡ್ಕೊಂಡು ಓಡಾಡ್ತಿದ್ಲು, ತಪ್ಪಿ ಉಗುಳು ನುಂಗಿದ್ರೂ ದೋಷ ಬರ್ತದೇನೋ ಅನ್ನಂಗೆ.

ಅಮ್ಮ ರಾತ್ರಿ ಉಪ್ಪುಕಂಡ ನೆನೆಹಾಕಿ, ಬಡವನಹಳ್ಳಿ ಸಂತೆಯಿಂದ ತಂದ ಕೋಸು ಹೆಚ್ಚಿಟ್ಲು. ನಾನು ಇಂಟರ್ನೆಟ್ಟಿನಾಗೆ ಹುಡುಕಿದೆ. ಯಾರೋ ಒಬ್ಬ, ಅವನ ಅಡಿಗೆಮನೆ ನಮ್ ಶಾಲೆಗಿಂತ ದೊಡ್ಡದೈತೆ, ನೀರು ಬದ್ಲಾಯಿಸ್ಲೇಬೇಕು ಅಂತ ಬೆರಳು ತೋರ್ಸಿ ಹೇಳ್ದ. ಮನೇಲಿ ಯಾರೂ ಈ ಬಗ್ಗೆ ಮಾತೇ ಎತ್ತಿರ್ಲಿಲ್ಲ. ಸರಿ, ಇವ್ರಿಗೆಲ್ಲಿ ಜ್ಞಾಪಕ ಇರ್ತದೆ, ಈ ಮನೆ ನಡೀತಿರೋದೇ ನನ್ನಿಂದ ಅಂತ ಹೋಗಿ ನೀರು ಚೆಲ್ಲಿ ಹೊಸ ನೀರು ತುಂಬಿ ಬಂದೆ.

ಅಡಿಗೆ ಆಯ್ತು. ಎಲೆ ಮೇಲೆ ಬಡಿಸಿ, ಸಾಂಬ್ರಾಣಿ ಹಾಕಿ, ಬಾಗ್ಲು ಮುಚ್ಚಿ ಜಗುಲಿ ಮೇಲೆ ನಿಂತ್ವಿ. ಬಾಗ್ಲು ತೆಗ್ಯೋಕೆ ಮುಂಚೆ ಕೆಮ್ಬೇಕು, ಒಳಗಿರೋರಿಗೆ ಗೊತ್ತಾಗ್ಲಿ ಅಂತ. ಆ ಕೆಲ್ಸ ತಾತಂದು. ತಾತ ಕೆಮ್ಮಲೇ ಇಲ್ಲ. ಅಪ್ಪ ತಾತನ ಮುಖ ನೋಡ್ದ, ಅಮ್ಮ ಅಪ್ಪನ ಮುಖ ನೋಡಿದ್ಲು. ಮುದ್ದೆ ಆರೋಗಿ ಕಲ್ಲಾಗ್ತಾ ಇತ್ತು. ಕೊನೆಗೆ ಅಪ್ಪನೇ, "ಅಪ್ಪಯ್ಯ, ಸಾಕು ಕಣಪ್ಪ, ಉಂಡಿರ್ತಾಳೆ" ಅಂದ.

"ಅವಳು ನಿಧಾನ ಉಣ್ಣೋದು" ಅಂದ ತಾತ.

ಇನ್ನೂ ಸ್ವಲ್ಪ ಹೊತ್ತು ನಿಂತ್ವಿ. ಆಮೇಲೆ ಕೆಮ್ಮಿದ.

ಅಜ್ಜಿ ಎಲೆಯಿಂದಲೇ ಮೊದಲ್ನೇ ತುಂಡು ತಾತನ ತಟ್ಟೆಗೆ ಬಂತು. ತಾತ ಬಾಯಿಗಿಟ್ಟ. ಅಗಿದ. ಅಗೀತಾನೇ ಇದ್ದ. ನಾವೆಲ್ಲ ಕೈ ತಟ್ಟೆ ಮೇಲಿಟ್ಕೊಂಡು ಅವನ ಬಾಯಿ ನೋಡ್ತಾ ಇದ್ವಿ.

"ಉಪ್ಪೇ ಇಲ್ವಲ್ಲಮ್ಮ" ಅಂದ.

ಉಪ್ಪು ಜಾಸ್ತಿ ಆಯ್ತು ಅಂದ್ರೆ ಏನ್ ಹೇಳ್ಬೇಕು ಅಂತ ನಮ್ಮನೇಲಿ ಎಲ್ರಿಗೂ ಗೊತ್ತಿತ್ತು. ಇಲ್ಲ ಅಂದ್ರೆ ಏನ್ ಹೇಳ್ಬೇಕು ಅಂತ ಒಬ್ರಿಗೂ ಗೊತ್ತಿರ್ಲಿಲ್ಲ.

ನಾನೂ ಒಂದು ತುಂಡು ತಿಂದೆ. ಹೌದು. ಕೋಸು, ನೀರು, ನಾರು. ಅಜ್ಜಿ ಎಲ್ಲೂ ಇರ್ಲಿಲ್ಲ.

"ನಾನು ಒಂದೇ ಸಲ ನೀರು ಬದ್ಲಾಯಿಸಿದ್ದು ಮಾವ, ಕೋಳಿ ಕೂಗೋ ಹೊತ್ಗೆ" ಅಂದ್ಲು ಅಮ್ಮ.

"ಒಂದೇ ಸಲಾನಾ? ನಾನೂ ಬದ್ಲಾಯಿಸಿದ್ನಲ್ಲ!" ಅಂದೆ ನಾನು.

ತಾತ ಕೈಯಾಗಿದ್ದ ತುತ್ತು ಕೆಳಗಿಟ್ಟ. "ನಾನೂ ಬದ್ಲಾಯಿಸ್ದೆ" ಅಂದ. "ನೀರು ಬದ್ಲಾಯ್ಸು ಹೋಗು ಅಂತ ಅವಳು ಯಾವಾಗ್ಲೂ ನಂಗೇ ಹೇಳ್ತಿದ್ದಿದ್ದು. ಈ ಸಲ ಹೇಳೋರಿಲ್ಲ, ಮರ್ತುಬುಟ್ಟಾನು ಅಂತ ಅವಳು ಅಂದ್ಕೋಬಾರ್ದು ಅಂತ ನಾನೇ ಎದ್ದು ಹೋದೆ."

ಅಮ್ಮ ಎದ್ದೋಡಿ ಉಪ್ಪಿನ ಜಾಡಿ ತಂದ್ಲು. ತಾತ ಒಂದು ಚಿಟಿಕೆ ತಗೊಂಡ, ಬೆರಳ ಮಧ್ಯೆ ಹಿಡ್ಕೊಂಡು ನೋಡ್ದ, ಹಂಗೇ ಜಾಡಿಗೆ ವಾಪಸ್ ಉದುರಿಸ್ದ. ಆಮೇಲೆ ಒಂದು ಚೂರೂ ಬುಡ್ದೆ ತಟ್ಟೆ ಖಾಲಿ ಮಾಡ್ದ. ಇನ್ನೊಂದು ಮುದ್ದೆ ಹಾಕಿಸ್ಕೊಳ್ಳಲಿಲ್ಲ.

ನಾವು ಮೂವರೂ ಒಬ್ರಿಗೊಬ್ರು ಹೇಳ್ದೆ ನೀರು ಚೆಲ್ಲಿದ್ದು ಬಚ್ಚಲ ಪಕ್ಕದ ಮೆಣ್ಸಿನ ಗಿಡಕ್ಕೆ. ಆ ವಾರ ಗಿಡ ಬಾಡಿ ತಲೆ ಬಗ್ಗಿಸ್ತು. ಅಷ್ಟು ಉಪ್ಪು ಕುಡ್ಕೊಂಡು ಅದೆಂಗೆ ಬದುಕ್ತದೆ? ತಾತ ಆ ಒಣಗಿದ ಕಡ್ಡಿಗೆ ದಿನಾ ಒಂದು ಚೊಂಬು ನೀರು ಹಾಕ್ತಿದ್ದ. ನಾನು "ಸತ್ತೋಗೈತೆ ತಾತ" ಅನ್ನೋಕೆ ಹೋಗಿ, ಚೊಂಬಿಗೆ ನೀರು ತುಂಬಿ ಕೊಟ್ಟೆ.

ಇದೆಲ್ಲ ನೆನಪಾಗಿದ್ದು ನಿನ್ನೆ ಒಂದು ರೀಲ್ಸಿನಿಂದ. ಆ ಬಿಳಿ ಅಜ್ಜಿ ಅಡಿಗೆ ಕೆಳಗೆ ಕಾಮೆಂಟ್‌ಗಳು ನೋಡ್ಬೇಕಿತ್ತು ನೀವು. ಉಪ್ಪಾಯ್ತು, ಬಾಯಿಗಿಡೋಕಾಗ್ಲಿಲ್ಲ ಅಂತ ಒಬ್ಬಳು. ನೀರು ಬದ್ಲಾಯಿಸಿ ಅಂತ ಇನ್ನೊಬ್ಬ. ಬದ್ಲಾಯಿಸಿದೆ, ಈಗ ಅಮ್ಮ ಮಾಡಿದಂಗೆ ಬರ್ತಿಲ್ಲ ಅಂತ ಮತ್ತೊಬ್ಬ. ಎಲ್ಲೆಲ್ಲಿಯೋರೋ, ಎಲ್ರೂ ಒಂದೇ ಪಾತ್ರೆ ಮುಂದೆ ನಿಂತಂಗಿತ್ತು. ನಾನು ಕನ್ನಡದಾಗೇ ಟೈಪ್ ಮಾಡ್ದೆ: "ನೀರು ಬದ್ಲಾಯಿಸಿದ್ರೆ ಮನೆಯೋರ್ಗೆಲ್ಲ ಕೂಗಿ ಹೇಳಿ." ಯಾರಿಗೆ ಅರ್ಥ ಆಯ್ತೋ ಗೊತ್ತಿಲ್ಲ. ಒಂದು ಹಾರ್ಟ್ ಬಂತು.

ಫೋನಿಟ್ಟು ಹಿತ್ಲಿಗೆ ಹೋದೆ. ಒಲೆ ಮೇಲೆ ಮೊಳೆಗೆ ಆ ದಾರ ಇನ್ನೂ ನೇತಾಡ್ತಿತ್ತು, ಹೊಗೆ ಹಿಡ್ದು ಕರ್ರಗೆ. ಯಾಕೆ ಅಂತ ಕೇಳ್ಬೇಡಿ, ಸ್ಟೂಲ್ ಹತ್ತಿ ದಾರದ ತುದಿ ನಾಲ್ಗೆಗೆ ತಾಗಿಸಿದೆ. ಮೊದ್ಲು ಹೊಗೆ. ಆಮೇಲೆ ಬಂತು ನೋಡಿ, ಕಣ್ಣಲ್ಲಿ ನೀರು ಬರೋ ಅಂಥ ಉಪ್ಪು. ಈ ದಾರಾನ ಯಾರೂ ನೆನೆಹಾಕಿರ್ಲಿಲ್ಲ.

ನಂಗೆ ತಡ್ಕೊಳ್ಳೋಕೆ ಆಗ್ಲಿಲ್ಲ. ಸ್ಟೂಲ್ ಮೇಲಿಂದಲೇ ಕೂಗ್ದೆ: "ತಾತಾ, ಉಪ್ಪು ಜಾಸ್ತಿ ಆಗೈತೆ!"

ಅಡಿಗೆಮನೇಲಿ ಅಮ್ಮನ ಸೌಟಿನ ಸದ್ದು ನಿಂತ್ಹೋಯ್ತು. ಆಮೇಲೆ ಜಗುಲಿ ಕಡೆಯಿಂದ ತಾತ ಒಂದ್ಸಲ ಕೆಮ್ಮಿದ.

"ಜಾಸ್ತಿ ಆದ್ರೆ ತಿನೊದ್ದು ಬುಡು" ಅಂದ.