ಆಟಿ ತಿಂಗಳಲ್ಲಿ ಎರಡು ಖಾಲಿ ಮಣೆ

ಎರಡು ಸಾವಿರದ ಮೂರನೇ ಇಸವಿ, ಆಷಾಢದ ಹೊತ್ತಿಗೆ ಬರುವ ತುಳುವರ ಆಟಿ ತಿಂಗಳು. ನಾನು ಎಂ.ಎ. ಪರೀಕ್ಷೆ ಬರೆದು, ಫಲಿತಾಂಶಕ್ಕೆ ಕಾಯುತ್ತಾ ಮಡಂತ್ಯಾರಿನ ದೊಡ್ಡಮ್ಮನ ಮನೆಯಲ್ಲಿದ್ದೆ. ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ದೊಡ್ಡಪ್ಪ ತೀರಿಕೊಂಡ ಮೇಲೆ ಮನೆಯ ದೊಡ್ಡ ಚಾವಡಿಯಲ್ಲಿ ಹೊಲಿಗೆ ತರಗತಿ ನಡೆಸುತ್ತಿದ್ದರು.

ಆ ಚಾವಡಿಯನ್ನು ಬೆಂಗಳೂರಿನ ಒಂದು ತಂಡ ಬಾಡಿಗೆಗೆ ಕೇಳಿತು. ಅಮ್ಮಂದಿರ ಕಾಲದ ಕಪ್ಪು ಬಿಳುಪು ಪ್ರೇಮಹಾಸ್ಯದ ಸಿನಿಮಾವೊಂದನ್ನು ಅವರು ಟಿವಿಗಾಗಿ ಮತ್ತೆ ತೆಗೆಯುತ್ತಿದ್ದರು. ಅದರಲ್ಲಿ ಎಲ್ಲರಿಗೂ ನೆನಪಿರುವುದು ಮದುವೆಯ ದೃಶ್ಯ. ವಧು ಹಿಂಬಾಗಿಲಿನಿಂದ ಓಡಿಹೋಗುತ್ತಾಳೆ, ವರ ಕಿಟಕಿ ಹಾರುತ್ತಾನೆ, ಕೊನೆಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಸಿಕ್ಕಿಬೀಳುತ್ತಾರೆ. ಇತ್ತ ಕಣ್ಣು ಕಾಣದ ಭಟ್ಟರು ಎರಡು ಖಾಲಿ ಮಣೆಗಳ ಮುಂದೆ ಮಂತ್ರ ಹೇಳುತ್ತಲೇ ಇರುತ್ತಾರೆ. ಹೇಳುವ ಧೈರ್ಯವಿಲ್ಲದೆ ನೆಂಟರೆಲ್ಲ ಗಂಭೀರವಾಗಿ ಕುಳಿತಿರುತ್ತಾರೆ.

ಬಾಳೆಕಂಬ ತಂದು ಇಳಿಸಿದಾಗ ದೊಡ್ಡಮ್ಮನ ಮುಖ ಸಣ್ಣದಾಯಿತು.

"ಆಟಿಯಲ್ಲಿ ಮದುವೆಯ ಚಪ್ಪರವಾ? ನೋಡಿದವರು ಎಂತ ಹೇಳಿಯಾರು?"

"ಅಮ್ಮ, ಇದು ನಿಜವಾದ ಮದುವೆ ಅಲ್ಲ, ಕಾಮಿಡಿ," ಎಂದರು ನಿರ್ದೇಶಕರು.

"ನಿಮಗೆ ಕಾಮಿಡಿ. ಬಾಳೆಕಂಬಕ್ಕೆ ಗೊತ್ತುಂಟಾ?"

ನಮ್ಮ ಕಡೆ ಆಟಿಯಲ್ಲಿ ಬದುಕಿರುವವರ ಮದುವೆ ಮಾಡುವುದಿಲ್ಲ. ಆ ತಿಂಗಳು ನಡೆಯುವುದು ಕುಲೆಗಳ ಮದುವೆ, ಎಂದರೆ ಸತ್ತವರದ್ದು. ಮಕ್ಕಳಾಗಿದ್ದಾಗಲೇ ತೀರಿಹೋದವರು ನಮ್ಮ ಕಣ್ಣಿಗೆ ಕಾಣದೆ ನಮ್ಮೊಂದಿಗೇ ಬೆಳೆಯುತ್ತಾರೆ, ಪ್ರಾಯಕ್ಕೆ ಬಂದಾಗ ಅವರಿಗೂ ಜೋಡಿ ಬೇಕಾಗುತ್ತದೆ ಎಂಬುದು ನಂಬಿಕೆ. ಅವರಿಗೆ ಮದುವೆಯಾಗದೆ ಮನೆಯ ಉಳಿದ ಮಕ್ಕಳ ಮದುವೆಗೂ ದಾರಿ ಬಿಡುವುದಿಲ್ಲವಂತೆ. ಹಾಗಾಗಿ, ಅಂಥದೇ ಮಗು ಹೋದ ಇನ್ನೊಂದು ಮನೆಯನ್ನು ಹುಡುಕಿ, ಸಂಬಂಧ ಮಾತಾಡಿ, ಎರಡು ಖಾಲಿ ಮಣೆಗಳ ಮೇಲೆ ಸೀರೆ, ಪಂಚೆ, ಹೂ ಇಟ್ಟು ಧಾರೆ ಎರೆಯುತ್ತಾರೆ. ಇದರ ಬಗ್ಗೆ ನಾನು ಎಂ.ಎ.ಯಲ್ಲಿ ಒಂದು ಪ್ರಬಂಧವನ್ನೇ ಬರೆದಿದ್ದೆ. ಕಣ್ಣಾರೆ ನೋಡಿರಲಿಲ್ಲ.

ನನಗೆ ಅವರು ಒಂದು ಸಣ್ಣ ಕೆಲಸ ಕೊಟ್ಟಿದ್ದರು. ಒಂದು ಶಾಟಿನಲ್ಲಿ ಯಾವ ವಸ್ತು ಎಲ್ಲಿತ್ತೋ, ಮುಂದಿನ ಶಾಟಿನಲ್ಲೂ ಅಲ್ಲೇ ಇರಬೇಕು, ಅದನ್ನು ನೋಡಿಕೊಳ್ಳುವುದು. ಮಾತು ಕಡಿಮೆ ಬೇಕಾಗುವ ಕೆಲಸ, ನನಗೆ ಹಿಡಿಸಿತು.

ಖಾಲಿ ಮಣೆಯ ದೃಶ್ಯದ ದಿನ ನಾಯಕ ನಾಯಕಿಗೆ ಕೆಲಸವಿರಲಿಲ್ಲ. ಅವರು ಮೂಡುಬಿದಿರೆಯ ಲಾಡ್ಜಿನಲ್ಲಿ ಉಳಿದಿದ್ದರು. ಹಾಗಾಗಿ ನೋಡಲು ಊರವರು ಸೇರಿರಲಿಲ್ಲ. ನೆಂಟರಾಗಿ ಕುಳಿತವರೆಲ್ಲ ಬೆಂಗಳೂರಿನಿಂದ ವ್ಯಾನಿನಲ್ಲಿ ಬಂದವರು. "ಯಾರೂ ನಗಬಾರದು, ನೀವು ನಗದಿದ್ದರೇನೇ ಜನ ನಗೋದು," ಎಂದು ನಿರ್ದೇಶಕರು ಎಚ್ಚರಿಸಿದ್ದರು. ಓಡಿಹೋದವರು ತೆಗೆದಿಟ್ಟಂತೆ ಎರಡು ಮಣೆಗಳ ಮೇಲೂ ಒಂದೊಂದು ಹಾರ. ಕ್ಯಾಮರಾ ಓಡಿತು. ಭಟ್ಟರ ವೇಷದವರು ಮಂತ್ರ ಹೇಳಿದರು. ಅಷ್ಟು ಜನರಿದ್ದೂ ಬೇರೆ ಒಂದು ಸದ್ದಿಲ್ಲ. ನಾನು ಎರಡು ಹಾರಗಳೂ ಇದ್ದ ಜಾಗವನ್ನು ಪುಸ್ತಕದಲ್ಲಿ ಗುರುತು ಮಾಡಿಕೊಂಡೆ.

ಶಾಟ್ ಮುಗಿದು ಎಲ್ಲರೂ ಚಹಾಕ್ಕೆ ಹೊರಗೆ ಹೋದರು. ತಿರುಗಿ ಬಂದು ನೋಡುತ್ತೇನೆ, ವಧುವಿನ ಮಣೆಯ ಮೇಲೆ, ಹಾರದ ನಡುವೆ, ಹಸಿರು ಗಾಜಿನ ಬಳೆಗಳು.

ನಾನು ಇಟ್ಟಿರಲಿಲ್ಲ. ವಸ್ತ್ರ ವಿಭಾಗದವರನ್ನು ಕೇಳಿದೆ. ಅವರೂ ಇಟ್ಟಿರಲಿಲ್ಲ. ತಲೆಯೆತ್ತಿದಾಗ ಕೊನೆಯ ಸಾಲಿನಲ್ಲಿ, ನನ್ನ ಲೆಕ್ಕದಲ್ಲಿ ಇಲ್ಲದ ಇಬ್ಬರು ಕುಳಿತಿದ್ದರು. ಸುಮಾರು ಐವತ್ತೈದರ ಹೆಂಗಸು, ಪಕ್ಕದಲ್ಲಿ ಕೊಡೆ ಹಿಡಿದ ಗಂಡ. ಹತ್ತಿರ ಹೋದಾಗ ಹೆಂಗಸು ತುಳುವಿನಲ್ಲಿ ಮೆಲ್ಲನೆ ಮಾತಾಡಿದರು.

"ಬಳೆ ನಾನೇ ಇಟ್ಟದ್ದು ಮಗಾ. ತಪ್ಪಾಯ್ತಾ? ನೀನು ಹುಡುಗಿಯ ತಂಗಿಯಾ?"

"ಯಾವ ಹುಡುಗಿ?"

"ಮದುವೆಯ ಹುಡುಗಿ."

ಅವರು ನೆರಿಯದವರು. ಮಗ ಹರೀಶ ಮೂರು ವರ್ಷದವನಿದ್ದಾಗ ಜ್ವರದಲ್ಲಿ ಹೋಗಿದ್ದ. ಈಗ ಅವನ ತಂಗಿಗೆ ಬಂದ ಸಂಬಂಧಗಳೆಲ್ಲ ಮಾತಿನವರೆಗೆ ಬಂದು ತಪ್ಪುತ್ತಿದ್ದವು. ಅಣ್ಣನದ್ದು ಮೊದಲು ಆಗಬೇಕು ಎಂದು ಜೋಯಿಸರು ಇಟ್ಟ ಪ್ರಶ್ನೆಯಲ್ಲಿ ಕಂಡಿತ್ತು. ಪ್ರತಿ ಆಟಿಯಲ್ಲೂ ಹರೀಶನಿಗೆ ಹೆಣ್ಣು ಹುಡುಕುತ್ತಿದ್ದರು. ಆ ದಿನ ಬಂಟ್ವಾಳದ ಒಂದು ಮನೆಗೆ ಹೋಗಿದ್ದರು. ಆ ಹುಡುಗಿಗೆ ಆಗಲೇ ಬೇರೆ ಕಡೆ ಆಗಿತ್ತು. ವಾಪಸು ಹೋಗುವಾಗ ಬಸ್ಸು ಕೆಟ್ಟು ಮಡಂತ್ಯಾರಿನಲ್ಲಿ ನಿಂತಿತ್ತು.

"ಕನಸಿನಲ್ಲಿ ಬರ್ತಾನೆ, ಬಾಗಿಲಲ್ಲೇ ನಿಲ್ತಾನೆ. ಒಳಗೆ ಬಾ ಅಂದರೆ ಬರುವುದಿಲ್ಲ," ಎಂದರು ಹೆಂಗಸು. "ಈ ಬಳೆ ಅವನ ಹೆಣ್ಣಿಗೆ ಅಂತ ತೆಗೆದದ್ದು. ಈ ಸಲವೂ ಆಗಲಿಲ್ಲ. ಈ ಹುಡುಗಿಯಾದರೂ ತೊಟ್ಟುಕೊಳ್ಳಲಿ ಅಂತ ಇಟ್ಟೆ."

ಗಂಡ ಮೊದಲ ಸಲ ಬಾಯಿ ಬಿಟ್ಟರು. "ಕುಲೆಗಳ ಮದುವೆಗೆ ಭಟ್ಟರು ಬಂದದ್ದು ನಾನು ಎಲ್ಲಿಯೂ ನೋಡಿಲ್ಲ. ವಿಡಿಯೋ ಬೇರೆ. ಪೇಟೆಯವರು ಏನು ಬೇಕಾದರೂ ಮಾಡಿಯಾರು ಮಾರಾಯ್ತಿ."

"ಇಲ್ಲಿ ಮದುವೆ ಅಂತ ನಿಮಗೆ ಯಾರು ಹೇಳಿದ್ದು?" ಎಂದು ಕೇಳಿದೆ.

"ನಿಮ್ಮ ಮನೆಯ ಹುಡುಗಿಯೇ ಬಸ್ಸಿನ ಹತ್ತಿರ ಬಂದು, ನಮ್ಮಲ್ಲಿ ಮದುವೆ ಉಂಟು, ಬನ್ನಿ ಅಂತ ಕರೆದಳಲ್ಲ. ನಿನ್ನ ಅಕ್ಕ ಇರಬೇಕು. ಮುಖ ನಿನ್ನ ಹಾಗೆಯೇ."

ನನಗೆ ಅಕ್ಕ ಇಲ್ಲ. ನಮ್ಮ ಇಡೀ ಕುಟುಂಬದಲ್ಲಿ ನಾನೇ ಹಿರಿಯ ಹುಡುಗಿ ಎಂದು ತಿಳಿದಿದ್ದೆ.

ಆದರೂ ಆಗ ನನ್ನನ್ನು ಕಾಡಿದ್ದು ಅದಲ್ಲ. ಇದು ಟಿವಿಗಾಗಿ ಮಾಡಿದ ತಮಾಷೆ ಎಂದು ಆ ತಾಯಿಗೆ ಹೇಳುವುದು ಹೇಗೆ ಎಂಬುದು. ಹೇಳಲೇಬೇಕಾಗಿತ್ತು. ಆದಷ್ಟು ಮೆಲ್ಲನೆ ಹೇಳಿದೆ. ಹೆಂಗಸು ಚಪ್ಪರ, ದೀಪ, ಕ್ಯಾಮರಾ ಎಲ್ಲವನ್ನೂ ಒಂದೊಂದಾಗಿ ನೋಡಿದರು.

"ಹಾಗಾದರೆ ಹುಡುಗಿ ಇಲ್ಲವಾ?"

"ಇಲ್ಲ ಅಮ್ಮ."

ಅವರು ಎದ್ದು ಹೋಗಿ ಮಣೆಯ ಮುಂದೆ ಬಗ್ಗಿ ಬಳೆಗಳಿಗೆ ಕೈ ಹಾಕಿದರು. ಆಗ ಒಳಬಾಗಿಲಿನಿಂದ ದೊಡ್ಡಮ್ಮನ ದನಿ ಕೇಳಿಸಿತು.

"ತೆಗೆಯಬೇಡಿ ಅಕ್ಕ. ನಿಮ್ಮದು ಯಾವ ಬರಿ?"

ಬರಿ ಎಂದರೆ ನಮ್ಮಲ್ಲಿ ಗೋತ್ರದ ಹಾಗೆ, ತಾಯಿಯ ಕಡೆಯಿಂದ ಬರುವುದು. ಸಂಬಂಧ ಮಾತಾಡುವವರು ಮೊದಲು ಕೇಳುವುದೇ ಅದನ್ನು. ಒಂದೇ ಬರಿಯವರು ಮದುವೆಯಾಗುವಂತಿಲ್ಲ.

"ಸಾಲಿಯಾನ್," ಎಂದರು ಹೆಂಗಸು.

"ನಾವು ಬಂಗೇರ," ಎಂದರು ದೊಡ್ಡಮ್ಮ. ಆಮೇಲೆ, ನನ್ನ ಮುಖ ನೋಡದೆ, "ನನ್ನದೊಂದು ಉಂಟು. ಶಶಿಕಲಾ ಅಂತ. ತೊಟ್ಟಿಲಿಗೆ ಹಾಕಿ ತಿಂಗಳಾಗಿರಲಿಲ್ಲ. ಈಗ ಇದ್ದಿದ್ದರೆ ಇವಳಿಗಿಂತ ಎರಡು ವರ್ಷ ದೊಡ್ಡವಳು. ಇವೆಲ್ಲ ಮೂಢನಂಬಿಕೆ ಅಂತ ಇವಳ ದೊಡ್ಡಪ್ಪ ಕೊನೆಯವರೆಗೂ ಒಪ್ಪಲಿಲ್ಲ. ನಾನೂ ಬಾಯಿ ಬಿಡಲಿಲ್ಲ," ಎಂದರು.

ನಾನು ಎಷ್ಟೋ ರಜೆಗಳನ್ನು ಆ ಮನೆಯಲ್ಲಿ ಕಳೆದವಳು. ಆ ಹೆಸರು ಒಮ್ಮೆಯೂ ನನ್ನ ಕಿವಿಗೆ ಬಿದ್ದಿರಲಿಲ್ಲ.

ಚಹಾ ಮುಗಿಸಿ ತಂಡ ಒಳಗೆ ಬಂತು. ಸಹಾಯಕ ನಿರ್ದೇಶಕರು ಮಣೆ ನೋಡಿ, "ಬಳೆ ಚೆನ್ನಾಗಿದೆ ಮೇಡಂ, ಕ್ಲೋಸಪ್‌ಗೆ ಹಾಗೇ ಇರಲಿ," ಎಂದರು. ಕೊನೆಯ ಸಾಲಿನಲ್ಲಿ ಈಗ ಮೂವರು ಕುಳಿತಿದ್ದರು, ದೊಡ್ಡಮ್ಮನೂ ಸೇರಿ. ಮಂತ್ರ ಮತ್ತೆ ಶುರುವಾಯಿತು.

ಆಟಿ ಮುಗಿಯುವ ಮೊದಲೇ ಅದೇ ಚಾವಡಿಯಲ್ಲಿ ಶಶಿಕಲಾಳಿಗೂ ಹರೀಶನಿಗೂ ಮದುವೆಯಾಯಿತು. ಭಟ್ಟರಿರಲಿಲ್ಲ, ಮನೆಯ ಹಿರಿಯರೇ ನಡೆಸಿದರು. ಮಣೆ ಸಿದ್ಧ ಮಾಡಲು ನನಗೆ ಹೇಳಿದರು. ಎಲ್ಲ ಇಟ್ಟು ಹಿಂದೆ ಸರಿದು ನೋಡಿದಾಗ ಗೊತ್ತಾಯಿತು: ಹಾರವನ್ನೂ ಬಳೆಗಳನ್ನೂ ಶೂಟಿಂಗಿನಲ್ಲಿ ಇದ್ದ ಹಾಗೆಯೇ ಇಟ್ಟಿದ್ದೆ.

ದೀಪಾವಳಿಯ ಸಮಯದ ಒಂದು ಭಾನುವಾರ ಮಧ್ಯಾಹ್ನ ಆ ಸಿನಿಮಾ ಟಿವಿಯಲ್ಲಿ ಬಂತು. ಪಕ್ಕದ ಮನೆಯ ನಗು ನಮ್ಮ ಚಾವಡಿಯವರೆಗೆ ಕೇಳಿಸುತ್ತಿತ್ತು. ಖಾಲಿ ಮಣೆಯ ದೃಶ್ಯ ಮುಗಿಯುತ್ತಿದ್ದಂತೆ ಫೋನು ಬಡಿಯಿತು. ನಾನೇ ಎತ್ತಿದೆ. ನೆರಿಯದ ಆ ತಾಯಿ.

"ನೋಡಿದಿರಾ ಮಗಾ? ನಮ್ಮ ಸೊಸೆ ಟಿವಿಯಲ್ಲಿ ಬಂದಳು. ಬಳೆ ಎಷ್ಟು ಒಪ್ಪುತ್ತದೆ ಅಲ್ವಾ ಅವಳಿಗೆ? ಹರೀಶನ ತಂಗಿಯ ನಿಶ್ಚಿತಾರ್ಥವೂ ಆಯ್ತು, ಮೊನ್ನೆ. ದೊಡ್ಡಮ್ಮನಿಗೆ ಹೇಳು."

"ಒಪ್ಪುತ್ತದೆ," ಎಂದೆ.

ಬಸ್ಸಿನ ಹತ್ತಿರ ಅವರನ್ನು ಕರೆದವಳು ಬೆಂಗಳೂರಿನಿಂದ ಬಂದ ಕಲಾವಿದೆಯರಲ್ಲಿ ಒಬ್ಬಳಿರಬಹುದು. ಅವರಲ್ಲಿ ತುಳು ಬಲ್ಲವರು ಯಾರಾದರೂ ಇದ್ದರೇ ಎಂದು ಒಂದು ಫೋನು ಮಾಡಿ ಕೇಳಿದ್ದರೆ ಗೊತ್ತಾಗುತ್ತಿತ್ತು. ನಾನು ಕೇಳಲಿಲ್ಲ. ಆ ದೃಶ್ಯ ಈಗಲೂ ಹಬ್ಬದ ದಿನಗಳಲ್ಲಿ ಟಿವಿಯಲ್ಲಿ ಬರುತ್ತದೆ. ಜೊತೆಯಲ್ಲಿದ್ದವರು, ಮಣೆ ಖಾಲಿ ಖಾಲಿ ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನನಗೆ ಮಾತ್ರ, ಮನೆಯವರೊಬ್ಬರು ಕುಳಿತಿರುವಲ್ಲಿ ಯಾರೂ ಇಲ್ಲ ಎಂದಂತೆ ಕೇಳಿಸುತ್ತದೆ.