ದಾರಿ ಬದಿಯ ಮುತ್ತಲಗಿಡ

ಆಯಿಯ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಜೀವಮಾನವಿಡೀ ಮುತ್ತಲ ಎಲೆಗೆ ಕಡ್ಡಿ ಚುಚ್ಚಿ ಪತ್ರಾವಳಿ ಹಚ್ಚಿದ ಉಗುರು. ಎಷ್ಟು ತಿಕ್ಕಿ ತೊಳೆದರೂ ಅಂಚಿನ ಕರೆ ಹೋಗುತ್ತಿರಲಿಲ್ಲ. ಕಿತ್ತೂರಿನಿಂದ ದೇಗಾಂವದ ಕಡೆಗಿರುವ ಈ ಊರಿಗೆ ನಾನು ವಿಜ್ಞಾನದ ಟೀಚರಾಗಿ ಬಂದಾಗ, ಪಕ್ಕದ ಮನೆಯ ಕಟ್ಟೆಯ ಮೇಲೆ ಮೊದಲು ಕಂಡದ್ದು ಆ ಕೈ. ಆಮೇಲೆ ಬಾಯಿ. "ಅಕ್ಕೋರ, ನೀರ ಬಂದಾವ, ಕೊಡಾ ಹಚ್ಚರಿ. ಪಾಠಾ ಆಮ್ಯಾಲ ಹೇಳೀರಂತ," ಎಂದು ಬೆಳಗ್ಗೆ ಆರಕ್ಕೇ ಕೂಗುತ್ತಿದ್ದಳು.

ಗಂಡ ತೀರಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನನ್ನ ಡಬ್ಬಿಯಿಂದ ಸಕ್ಕರೆ ತೆಗೆದುಕೊಂಡು ಹೋಗಿ, ಚಹಾ ಕುಡಿದಾದ ಮೇಲೆ "ತಗೊಂಡೇನ್ರಿ ಮತ್ತ" ಎಂದು ತಿಳಿಸುವ ಪೈಕಿ. ದಿನಾ ಒಬ್ಬಳೇ ಅಡವಿಗೆ ಹೋಗಿ ಎಲೆ ತರುತ್ತಿದ್ದಳು. ಅಂಜಿಕೆ ಆಗೋದಿಲ್ಲವೇ ಎಂದರೆ, "ಅಡವ್ಯಾಗ ಯಾರದಾರ್ರಿ ಅಂಜಾಕ? ಮಂದಿ ಎಲ್ಲಾ ಊರಾಗ ಅದಾರ," ಎನ್ನುತ್ತಿದ್ದಳು.

ನಾಲ್ಕು ವರ್ಷದ ಹಿಂದೆ, ವೈಶಾಖದ ಒಂದು ಮಧ್ಯಾಹ್ನ ಗಾಳಿ ಬಂತು. ಅರ್ಧ ತಾಸು ಅಷ್ಟೇ. ಊರಿನಲ್ಲಿ ಕೆಲವರ ತಗಡು ಹಾರಿದವು. ಅಡವಿ ಮಾತ್ರ ಮಲಗಿಬಿಟ್ಟಿತ್ತು. ಮರುದಿನ ಆಯಿಯ ಜೊತೆ ಹೋಗಿ ನೋಡಿದರೆ ಮತ್ತಿ, ದಿಂಡಲ, ಸಾಗವಾನಿ ಎಲ್ಲ ಒಂದೇ ದಿಕ್ಕಿಗೆ ಬಿದ್ದಿದ್ದವು. ಅಡವಿಯ ಆಚೆಗಿನ ಊರಿನ ನೀರಿನ ಟಾಕಿ ಇಲ್ಲಿಗೇ ಕಾಣುತ್ತಿತ್ತು. ನನಗೆ ಅಳು ಬಂತು. ಆಯಿ ಅಳಲಿಲ್ಲ. ಒಂದೊಂದೇ ಮುತ್ತಲಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಬೇರು ಮುಟ್ಟಿ ನೋಡಿದಳು. "ಇದು ಹೋತು. ಇದೂ ಹೋತು. ಇದು ಮಲಗೇತಿ ಖರೆ, ಒಂದ ಮಗ್ಗಲ ಬೇರು ಮಣ್ಣಾಗ ಐತ್ರಿ. ಬದಕತೈತಿ." ಅಂಥವು ಹದಿನಾಲ್ಕು ಸಿಕ್ಕವು.

ವಾರದೊಳಗೆ ಮರ ಕಡಿದು ಸಾಗಿಸುವ ಗುತ್ತಿಗೆಯ ಆಳುಗಳು ಬಂದರು. ನೆಟ್ಟಗೆ ನಿಂತದ್ದನ್ನು ಬಿಟ್ಟು ವಾಲಿದ್ದು, ಮಲಗಿದ್ದು ಎಲ್ಲ ಅವರ ಪಾಲು. ಅವರ ಮೇಸ್ತ್ರಿ ಪಕ್ಕದ ಊರಿನವನೇ. ಆಯಿ ಅವನಿಗೆ ಬೇರಿನ ಮಾತು ಹೇಳಿದರೆ, "ಬೇರ ನೋಡ್ಕೋತ ಕುಂತ್ರ ಕೆಲಸ ಆಗತೈತೇನ ಆಯಿ?" ಎಂದು ನಕ್ಕನಂತೆ. ಆ ಹದಿನಾಲ್ಕು ಹೋದರೆ ಅವಳಿಗೆ ಎಲೆಯಿಲ್ಲ, ಎಲೆಯಿಲ್ಲದಿದ್ದರೆ ಅನ್ನವಿಲ್ಲ.

ಅಂದು ಸಂಜೆ ಚೀಲ ಹಿಡಿದು ನನ್ನ ಬಾಗಿಲಿಗೆ ಬಂದಳು. ಒಳಗೆ ರವಿಕೆಯ ಖಣ, ಅಕ್ಕಿ, ಉತ್ತತ್ತಿ, ಹಸಿರು ಬಳೆ. ಗಿಡಗಳಿಗೆ ಉಡಿ ತುಂಬಬೇಕಂತೆ. ಉಡಿ ತುಂಬಿದ ಗಿಡವೆಂದರೆ ದೇವಿ. ನಮ್ಮ ಕಡೆ ಯಾರೂ ಕೊಡಲಿ ಹಾಕುವುದಿಲ್ಲ.

"ನೀವ ತುಂಬಬೇಕ್ರಿ, ಮುತ್ತೈದಿ ಅದೀರಿ. ನಾ ಗಂಡಸತ್ತಾಕಿ. ನನ್ನ ಕೈಲೆ ತುಂಬಿದ್ರ ಆ ಮಂದಿ ಲೆಕ್ಕಕ್ಕ ಹಿಡಿಯಂಗಿಲ್ಲ."

ನನಗೆ ಸಿಟ್ಟು ಬಂತು. "ಮೂಢನಂಬಿಕಿ ಬ್ಯಾಡಂತ ಸಾಲ್ಯಾಗ ಹೇಳಾಕಿ ನಾ. ನಿಮ್ಮ ಕೈಗೆ ಏನಾಗೇತಿ? ನೀವ ತುಂಬ್ರಿ."

"ನಿಮ್ಮ ಪಾಠಾ ನನಗ ತಿಳೀತೈತ್ರಿ. ಕೊಡ್ಲಿಗಿ ತಿಳಿಯಂಗಿಲ್ಲ. ಅದಕ್ಕ ತಿಳಿಯೂದ ಹೇಳೂಣು."

ಬೆಳಕು ಹರಿಯುತ್ತಲೇ ಇಬ್ಬರೂ ಹೋದೆವು. ಅವಳು ಗಿಡ ತೋರಿಸಿದಳು, ನಾನು ಕೊಂಬೆಗೆ ಖಣ ಕಟ್ಟಿ ಉಡಿ ತುಂಬಿದೆ. ಹದಿಮೂರು ಮುಗಿಯುವಷ್ಟರಲ್ಲಿ ಅವಳ ಮೊಣಕಾಲು ಸೋತವು. ಕಲ್ಲಿನ ಮೇಲೆ ಕೂತು, "ದಾರಿ ಬಾಜೂಕಿಂದು ಒಂದ ಉಳದೈತಿ. ದೊಡ್ಡದು. ಮುಗಿಸಿ ಬರ್ರಿ," ಎಂದಳು.

ನಾನು ಅಲ್ಲಿ ಖಣ ಬಿಚ್ಚುವುದಕ್ಕೂ ನಮ್ಮ ಹೆಡ್‌ಮಾಸ್ತರರ ಬೈಕು ಬರುವುದಕ್ಕೂ ಸರಿಹೋಯಿತು. ಖಣವನ್ನು ಸೆರಗಿನಲ್ಲಿ ತುರುಕಿದೆ. "ಏನ್ ಟೀಚರ್, ಇಷ್ಟ ಮುಂಜಾನೆ?" ಎಂದರು. ಹುಡುಗರಿಗೆ ತೋರಿಸಲು ಎಲೆ ಬೇಕಾಗಿತ್ತು ಎಂದೆ. ಅವರು ಹೋದ ಮೇಲೂ ನನ್ನ ಕೈ ಮುಂದಾಗಲಿಲ್ಲ. ಇನ್ನಾರಾದರೂ ಬಂದರೆ? ಹಾಗೇ ತಿರುಗಿ ಬಂದೆ.

"ಮುಗೀತೇನ್ರಿ?"

"ಮುಗೀತು," ಎಂದೆ.

ಹದಿಮೂರು ಗಿಡಗಳ ಮುಂದೆ ಮೇಸ್ತ್ರಿ ಚಪ್ಪಲಿ ಕಳೆದು ಕೈಮುಗಿದು ಮುಂದೆ ಹೋದನಂತೆ. ಹದಿನಾಲ್ಕನೆಯದನ್ನು ಕಡಿದರು. ಆಯಿ ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನರೆದುರು ಅವನ ಅಂಗಿ ಹಿಡಿದಳು. "ಉಡಿ ತುಂಬಿದ ಗಿಡಕ್ಕ ಕೊಡ್ಲಿ ಹಾಕ್ತೀಯೇನೋ? ನಿನ್ನ ಕೈಯಾಗ ಹುಳಾ ಬೀಳಲಿ!"

"ಅದಕ್ಕ ಖಣಾ ಇದ್ದಿದ್ದಿಲ್ಲ ಆಯಿ, ನನ್ನ ಮಕ್ಕಳಾಣಿ!"

"ಅಕ್ಕೋರು ಸ್ವಂತ ಕೈಲೆ ತುಂಬ್ಯಾರ. ಅಕ್ಕೋರು ಸುಳ್ಳ ಹೇಳ್ತಾರೇನು?"

ಅವನು ಅಲ್ಲೇ ಬಸ್ಸಿಗೆ ಕಾಯುತ್ತಿದ್ದ ನನ್ನ ಕಡೆ ನೋಡಿದ. ನಾನು ಬಸ್ಸಿನ ಬೋರ್ಡು ನೋಡುತ್ತ ನಿಂತೆ.

ಹದಿಮೂರರಲ್ಲಿ ಹನ್ನೊಂದು ಚಿಗುರಿದವು. ನೆಲಕ್ಕೇ ಮಲಗಿ ಬೆಳೆದದ್ದರಿಂದ ಎಲೆ ಕೈಗೆ ಸಿಗುತ್ತಿತ್ತು, ಆಯಿಗೆ ಅದೊಂದು ಅನುಕೂಲವೇ ಆಯಿತು. ಕೊನೆಯವರೆಗೂ ಪತ್ರಾವಳಿ ಹಚ್ಚಿದಳು. ಆ ಮೇಸ್ತ್ರಿ ನಮ್ಮ ಓಣಿಯಲ್ಲಿ ಹಾದುಹೋದರೆ ಮಾತ್ರ ಮುಖ ತಿರುಗಿಸಿ ಥೂ ಎನ್ನುತ್ತಿದ್ದಳು. ಹೇಳಿಬಿಡಬೇಕೆಂದು ಪ್ರತಿಸಲ ಅಂದುಕೊಂಡೆ. ಆದರೆ ಅಕ್ಕೋರು ಸುಳ್ಳು ಹೇಳುವುದಿಲ್ಲ ಎಂದು ನಂಬಿದ ಒಂದು ಜೀವ ಪಕ್ಕದಲ್ಲಿರುವುದು ನನಗೆ ಬೇಕಾಗಿತ್ತು.

ಹೋದ ಮಾಘದಲ್ಲಿ ಎರಡು ದಿನದ ಜ್ವರಕ್ಕೆ ಆಯಿ ತೀರಿಕೊಂಡಳು. ಮಣ್ಣಿಗೆ ಮೇಸ್ತ್ರಿಯೂ ಬಂದಿದ್ದ. ದೂರ ನಿಂತಿದ್ದವನು ಎಲ್ಲರೂ ಹೋದ ಮೇಲೆ ಹತ್ತಿರ ಬಂದು, "ಅಕ್ಕೋರ, ಆಯಿ ನನ್ನ ಮ್ಯಾಗಿನ ಸಿಟ್ಟ ಬಿಟ್ಟಿದ್ಲೇನ್ರಿ?" ಎಂದು ಕೇಳಿದ.

"ಆ ಗಿಡಕ್ಕ ನಾ ಉಡಿ ತುಂಬಿದ್ದಿಲ್ಲಪಾ," ಎಂದೆ.

ಅವನು ಬೈಯಲಿಲ್ಲ. ಹಸಿ ಮಣ್ಣಿನ ಕಡೆ ನೋಡುತ್ತ, "ನನಗ್ಯಾಕ ಹೇಳ್ತೀರಿ ಅಕ್ಕೋರ," ಎಂದ. "ನನಗ ಗೊತ್ತಿತ್ತು."